ಊಟಕ್ಕೆ ಮುಂಚಿನ ಕೆಂಪು ಗ್ಲಾಸು

ಒಬ್ಬನೇ ಕೂತು ಉಣ್ಣುವವನ ಊಟ ಬೇಗ ಮುಗಿಯುತ್ತದೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಊಟ ಮುಗಿದರೂ ಸಂಜೆ ಮುಗಿಯುವುದಿಲ್ಲವಲ್ಲ, ತಕರಾರು ಅದರದು. ಹೆಂಡತಿ ಮಕ್ಕಳಿರುವ ಗೆಳೆಯರು ನನ್ನನ್ನು ಕಂಡಾಗಲೆಲ್ಲ, "ನಿನ್ನಂಥಾ ಸುಖಿ ಯಾರದಾರಪಾ? ಹೇಳಾಂವ ಇಲ್ಲ, ಕೇಳಾಂವ ಇಲ್ಲ" ಎನ್ನುತ್ತಾರೆ. ಹಾಗೆಂದವರು ಒಂದು ಗಳಿಗೆಯೂ ನನ್ನ ಸುಖದಲ್ಲಿ ಪಾಲು ಕೇಳದೆ ತಮ್ಮ ತಮ್ಮ ಮನೆಗೆ ಹೋಗಿಬಿಡುತ್ತಾರೆ. ನಾನು ಬಾಗಿಲು ತೆರೆದು, ಬೆಳಿಗ್ಗೆ ಇಟ್ಟ ಚಪ್ಪಲಿ ಇಟ್ಟಲ್ಲೇ ಇರುವುದನ್ನು ನೋಡುತ್ತೇನೆ. ಮನೆಯಲ್ಲಿ ಯಾವ ವಸ್ತುವನ್ನೂ ಯಾರೂ ಕದಲಿಸಿರುವುದಿಲ್ಲ. ಇದು ಸುಖವೇ ಆಗಿದ್ದರೆ ಯಾರಾದರೂ ಬಂದು ಸ್ವಲ್ಪ ಒಯ್ಯಬಹುದು.

ನಾನು ದನದ ಡಾಕ್ಟರು. ಈ ಮಾತು ನಡೆದ ಕಾಲಕ್ಕೆ ರಾಯಬಾಗದಲ್ಲಿದ್ದೆ. ಹಗಲಿಡೀ ನನ್ನ ಸುತ್ತ ಜನವೋ ಜನ. ಒಬ್ಬರ ಎಮ್ಮೆ ಹಾಲು ಇಳಿಸುತ್ತಿಲ್ಲ, ಇನ್ನೊಬ್ಬರ ಎತ್ತು ಮೇವು ಬಿಟ್ಟಿದೆ, ಮತ್ತೊಬ್ಬರ ಆಡು ಪ್ಲಾಸ್ಟಿಕ್ ಚೀಲ ತಿಂದು ಧ್ಯಾನಕ್ಕೆ ಕೂತಿದೆ. ಸಂಜೆ ದವಾಖಾನೆಯ ಬಾಗಿಲು ಹಾಕಿದರೆ ಮುಗಿಯಿತು. ಎಮ್ಮೆಗೆ ಆರಾಮವಾದ ಮೇಲೆ ಎಮ್ಮೆಯ ಯಜಮಾನನಿಗೆ ನಾನು ಯಾರೋ. ಓಣಿಯವರು ಕೆಟ್ಟವರೆಂದಲ್ಲ, ವಿಪರೀತ ಒಳ್ಳೆಯವರು. ನಾನು ಬರುವುದು ಕಂಡರೆ ಸಾಕು, ಕಟ್ಟೆಯ ಮೇಲೆ ನಡೆದಿದ್ದ ಹರಟೆ ನಿಲ್ಲುತ್ತದೆ, ಕೂತವರು ಏಳುತ್ತಾರೆ, "ಬರ್ರಿ ಸಾಹೇಬ್ರ" ಎಂದು ದಾರಿ ಬಿಡುತ್ತಾರೆ. ನಾನು ದಾಟಿಹೋದ ಮೇಲೆ ಬೆನ್ನ ಹಿಂದೆ ಹರಟೆ ಮತ್ತೆ ಶುರುವಾಗುತ್ತದೆ. ಗೌರವದಿಂದ ಸತ್ತವರು ಯಾರೂ ಇಲ್ಲ ನಿಜ, ಆದರೆ ಅದರ ಜೊತೆ ಕೂತು ಎರಡು ಮಾತು ಆಡಲಿಕ್ಕಾಗುವುದಿಲ್ಲ.

ಮದುವೆ ಯಾಕಾಗಲಿಲ್ಲ ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ, ಎಮ್ಮೆ ತಂದವರೂ ಕೇಳುತ್ತಾರೆ. ಅದಕ್ಕೆ ಸರಕಾರದ ವರ್ಗಾವಣೆಯೇ ಕಾರಣ ಎಂದು ನಾನು ಹೇಳುತ್ತಾ ಬಂದಿದ್ದೇನೆ. ಚಿಕ್ಕೋಡಿಯಲ್ಲಿದ್ದಾಗ ನನ್ನನ್ನು ಮೆಚ್ಚಿದ ಹೆಣ್ಣಿನವರು ವಿಚಾರ ಮಾಡಿ, ಪಂಚಾಂಗ ನೋಡಿ, ಸೋದರಮಾವನನ್ನು ಕೇಳಿ ಹೊರಡುವಷ್ಟರಲ್ಲಿ ನಾನು ಅಥಣಿಯಲ್ಲಿದ್ದೆ. ಅಥಣಿಯವರು ಹೊರಟಾಗ ಕಾಗವಾಡದಲ್ಲಿದ್ದೆ. ಹೀಗೆ ಕನ್ಯಾಪಿತೃಗಳು ನನ್ನ ಹಿಂದೆ ಬಸ್ಸು ಬದಲಿಸುತ್ತಾ ಬಂದು ಬಂದು ದಣಿದು, ಕೊನೆಗೆ ಒಂದೇ ಊರಲ್ಲಿ ಕೂತಿರುವ ಮಾಸ್ತರುಗಳಿಗೆ ಮಗಳನ್ನು ಕೊಟ್ಟುಬಿಟ್ಟರು. ನಾನೂ ಒಮ್ಮೆ ತಿರುಗಿ ನಿಂತು "ನಿಲ್ರಿ, ಬಂದೆ" ಎನ್ನಬಹುದಾಗಿತ್ತು. ಅನ್ನಲಿಲ್ಲ.

ಇಂಥ ನನ್ನ ಬಾಳಿನೊಳಗೆ ಇಟಲಿ ದೇಶ ಪ್ರವೇಶ ಮಾಡಿದ್ದು ಒಂದು ಬೀದಿನಾಯಿಯ ಹೊಟ್ಟೆಯ ಮೂಲಕ. ನಮ್ಮ ಕಡೆಯ ಒಂದು ಸಕ್ಕರೆ ಕಾರ್ಖಾನೆಗೆ ಹೊಸ ಯಂತ್ರ ಕೂಡಿಸಲು ಮಾರ್ಕೊ ಎಂಬ ಎಂಜಿನಿಯರು ಬಂದಿದ್ದ. ಕಬ್ಬಿನ ಹಂಗಾಮು ಶುರುವಾಗುವುದರೊಳಗೆ ಯಂತ್ರ ತಿರುಗಬೇಕಿತ್ತು. ಭಾಷೆ ಬಾರದ ಊರು, ಕಣ್ಣು ಹಾಯಿಸಿದಷ್ಟೂ ಕಬ್ಬು. ಆ ಮನುಷ್ಯ ಗೆಸ್ಟ್ ಹೌಸಿನ ಮುಂದಿನ ನಾಯಿಯೊಂದನ್ನು ಹಚ್ಚಿಕೊಂಡು, ಅದಕ್ಕೆ ದಿನಾ ಬೆಣ್ಣೆ ಹಚ್ಚಿದ ಬ್ರೆಡ್ಡು ಹಾಕಿದ. ಹುಟ್ಟಿದಾಗಿನಿಂದ ಒಣ ಭಕ್ಕರಿ ಮೇಲೆ ಬದುಕಿದ ನಾಯಿ, ಬೆಣ್ಣೆ ತಡೆಯದೆ ಮಲಗಿತು. ನನಗೆ ಜೀಪು ಬಂತು. ನಾನು ನಾಯಿಗೆ ಬೆಣ್ಣೆ ಬಿಡಿಸಿದೆ, ಮಜ್ಜಿಗೆ ಹಾಕಿಸಿದೆ. ಎರಡು ದಿನಕ್ಕೆ ಎದ್ದು ಬೊಗಳಿತು. ಮಾರ್ಕೊ ನನ್ನ ಎರಡೂ ಕೈ ಹಿಡಿದುಕೊಂಡು ಕಣ್ಣಲ್ಲಿ ನೀರು ತಂದುಕೊಂಡ. ನನ್ನ ಕೈಯನ್ನು ಯಾರಾದರೂ ಹಾಗೆ ಹಿಡಿದು ಎಷ್ಟೋ ವರ್ಷವಾಗಿತ್ತು.

ಅಂದಿನಿಂದ ಸಂಜೆಯಾದರೆ ನಾನು ಗೆಸ್ಟ್ ಹೌಸಿನ ವರಾಂಡದಲ್ಲಿ. ಅವನ ಇಂಗ್ಲಿಷು ಅಷ್ಟಕ್ಕಷ್ಟೆ, ನನ್ನದು ಎಮ್ಮೆಗಳಿಗೆ ಸಂಬಂಧಪಟ್ಟದ್ದು. ಆದರೂ ಮಾತು ನಿಲ್ಲುತ್ತಿರಲಿಲ್ಲ. ಹೊತ್ತು ಮುಳುಗುವ ಮುನ್ನ ಅವನು ಪೂಜೆಗೆ ಕೂತವನ ಹಾಗೆ ಸಾಮಾನು ಹೊಂದಿಸಿಕೊಳ್ಳುತ್ತಿದ್ದ. ದೊಡ್ಡ ಹೊಟ್ಟೆಯ ಗಾಜಿನ ಗ್ಲಾಸು, ಅದರ ತುಂಬ ಬರ್ಫ. ಮೊದಲು ಬುರುಗು ಏಳುವ ಬಿಳಿ ವೈನು, ಆಮೇಲೆ ಅದಕ್ಕಿಂತ ಒಂದಿಷ್ಟು ಕಡಿಮೆ ಕೆಂಪಗಿನ ಕಹಿ ಮದ್ಯ, ಮೇಲೊಂದು ಚಿಮುಕು ಸೋಡಾ, ಕಿತ್ತಳೆಯ ಒಂದು ಬಿಲ್ಲೆ. ಚಮಚದಿಂದ ಒಂದೇ ಸುತ್ತು, ಹೆಚ್ಚಿಗೆ ಕದಡಬಾರದು. ಹೆಸರು ಸ್ಪ್ರಿಟ್ಸ್. ಬಣ್ಣ ಮುಳುಗುವ ಸೂರ್ಯನದೇ. ರುಚಿ ಮೊದಲ ಗುಟುಕಿಗೆ ಬೇವು, ಎರಡನೆಯದಕ್ಕೆ ಕಿತ್ತಳೆ ಸಿಪ್ಪೆ, ಮೂರನೆಯದಕ್ಕೆ ಯಾಕೋ ಹಸಿವೆ. "ಇದು ಮತ್ತಿಗಾಗಿ ಅಲ್ಲ ಡಾಕ್ಟರ್, ಹಸಿವೆಗಾಗಿ. ಊಟಕ್ಕೆ ಮುಂಚೆ. ಬೆಳಕಿರುವಾಗ. ಜನರ ಜೊತೆ. ಒಬ್ಬನೇ ಕುಡಿದರೆ ಇದು ಬರೀ ಔಷಧ" ಎಂದು ಅವನು ದಿನಾ ಉಪದೇಶ ಮಾಡುತ್ತಿದ್ದ.

ನನಗೆ ಇದು ಬೆರಗಿನ ಮಾತು. ನಮ್ಮ ಕಡೆ ಕುಡಿಯುವವರಿಲ್ಲವೇ? ಇದ್ದಾರೆ. ಆದರೆ ಅವರು ಕತ್ತಲಾಗಲಿ ಎಂದು ಕಾಯುತ್ತಾರೆ, ಊರ ಹೊರಗಿನ ಧಾಬಾದಲ್ಲಿ ರಸ್ತೆಗೆ ಬೆನ್ನು ಮಾಡಿ ಕೂಡುತ್ತಾರೆ, ಯಾರೋ ಬೆನ್ನಟ್ಟಿದ ಹಾಗೆ ಒಂದೇ ಗುಟುಕಿಗೆ ಇಳಿಸಿ ಏಲಕ್ಕಿ ಅಗಿಯುತ್ತಾರೆ. ಹಾಡಹಗಲೇ ವರಾಂಡದಲ್ಲಿ ಕೂತು, ಹೋಗಿ ಬರುವವರಿಗೆ ಕೈ ಬೀಸುತ್ತಾ, ಒಂದು ಗ್ಲಾಸನ್ನು ಹೊತ್ತು ಮುಳುಗುವ ತನಕ ಕುಡಿಯುವುದನ್ನು ನಾನು ಮೊದಲು ಕಂಡದ್ದು ಅಲ್ಲಿ. ನಿಜ ಹೇಳಬೇಕೆಂದರೆ ನನಗೆ ಕುಡಿತದ ಚಟ ಹತ್ತಲಿಲ್ಲ. ಎದುರಿನ ಕುರ್ಚಿಯಲ್ಲಿ ಒಬ್ಬ ಮನುಷ್ಯ ಕೂತಿರುವುದರ ಚಟ ಹತ್ತಿತು.

ದೀಪಾವಳಿ ಮುಗಿಯಿತು, ಯಂತ್ರ ತಿರುಗಿತು, ಮಾರ್ಕೊ ಹೊರಟುಹೋದ. ಹೋಗುವಾಗ ಒಂದು ಬುರುಗು ವೈನು, ಕೆಂಪು ಕಹಿಯ ಎರಡು ಬಾಟಲಿ, ಹೊಟ್ಟೆಯ ಗ್ಲಾಸು ಎರಡು ನನಗೆ ಕೊಟ್ಟ. ನಾಯಿಯನ್ನೂ ಕೊಡಲು ಬಂದ. ನಾಯಿ ನನ್ನ ಮನೆಗೆ ಬಂದು, ನನ್ನ ಅಡಿಗೆಯ ವಾಸನೆ ನೋಡಿ, ಮರುದಿನವೇ ಗೆಸ್ಟ್ ಹೌಸಿಗೆ ವಾಪಸು ಹೋಯಿತು. ಅದರ ತಪ್ಪೇನಿಲ್ಲ.

ಎರಡು ಗ್ಲಾಸು ಇವೆ ಎಂದ ಮೇಲೆ ಎರಡನೆಯವರನ್ನು ಹುಡುಕಬೇಕಷ್ಟೆ. ಮೊದಲು ನಮ್ಮ ಕಂಪೌಂಡರ್ ಮಾರುತಿಯನ್ನು ಕೇಳಿದೆ. ಅವನು ಕೊರಳಿನ ತುಳಸಿಮಾಲೆ ಹೊರಗೆಳೆದು ತೋರಿಸಿದ. "ನಾವು ಮಾಳಕರಿ ಮಂದಿ ಅಲ್ರಿ ಸಾಹೇಬ್ರ. ವರ್ಷಾ ಪಂಢರಪುರಕ್ಕ ನಡಕೋತ ಹೋಗಾವ್ರು. ಇದನ್ನ ಮುಟ್ಟಿದ್ರ ವಿಠೋಬಾ ಬಾಗಿಲಾಗ ನಿಲ್ಲಿಸಿ ಕೇಳತಾನ್ರಿ." ಸರಿ, ಬರೀ ಸೋಡಾ ಕುಡಿ, ಸುಮ್ಮನೆ ಎದುರಿಗೆ ಕೂಡು ಎಂದೆ. "ನಿಮ್ಮ ಸರಿಸಮ ಕುರ್ಚಿ ಮ್ಯಾಲ ಹ್ಯಾಂಗ ಕೂಡೂದ್ರಿ?" ಎಂದ. ಹೈಸ್ಕೂಲಿನ ಹೆಡ್ಮಾಸ್ತರ್ ಪಾಟೀಲರು ನನ್ನ ವಾರಿಗೆಯವರು, ಓದಿದವರು, ಅವರನ್ನು ಕೇಳಿದೆ. ಅವರು ಸುತ್ತಮುತ್ತ ನೋಡಿ, ದನಿ ತಗ್ಗಿಸಿ, "ಧಾಬಾಕ್ಕಾದ್ರ ಬರ್ತೀನ್ರಿ ಡಾಕ್ಟ್ರ. ಮನ್ಯಾಗ, ಬೆಳಕಿನ್ಯಾಗ, ಊಟಕ್ಕ ಮೊದ್ಲ ಅಂದ್ರ, ನನ್ನ ನೌಕರಿ ಉಳೀತೈತೇನ್ರಿ?" ಎಂದರು. ಧಾಬಾಕ್ಕೂ ಆಮೇಲೆ ಕರೆಯಲಿಲ್ಲ. ಎಲ್ಲರೂ ನಯವಾಗಿ ಹೇಳಿದರು, ಎಲ್ಲರೂ ಬರುವುದಿಲ್ಲ ಎಂದೇ ಹೇಳಿದರು. ಮನೆಗೆ ಬಂದು ಒಂದು ಗ್ಲಾಸನ್ನು ಕಪಾಟಿನೊಳಗೆ ಹಿಂದಕ್ಕೆ ಸರಿಸಿಟ್ಟೆ. ಆ ಸಂಜೆ ಬಹಳ ಬೇಜಾರಾಯಿತು, ಅದನ್ನು ನಗೆಚಾಟಿಕೆ ಮಾಡಲು ನನಗೆ ಈಗಲೂ ಆಗುವುದಿಲ್ಲ.

ಆದರೂ ಹಟ. ಜನ ಬರದಿದ್ದರೆ ಔಷಧವೇ ಆಗಲಿ, ಮಾಡಿಯೇ ಬಿಡುತ್ತೇನೆ ಎಂದು ಒಂದು ಸೋಮವಾರ ತಯಾರಾದೆ. ಸಂತೆಯಲ್ಲಿ ಕಿತ್ತಳೆ ಸಿಕ್ಕಿತು. ಗೋಲಿ ಸೋಡಾ ಬಸ್ ಸ್ಟ್ಯಾಂಡಿನ ಅಂಗಡಿಯಿಂದ ಬಂತು. ಬರ್ಫದ ಪ್ರಶ್ನೆ ದೊಡ್ಡದು. ದವಾಖಾನೆಯ ಫ್ರಿಜ್ಜಿನಲ್ಲಿ ಬೇಕಾದಷ್ಟಿತ್ತು, ಆದರೆ ಅದರ ಪಕ್ಕದಲ್ಲಿ ಗಂಟಲುಬೇನೆಯ ಲಸಿಕೆ ಕೂತು ನನ್ನನ್ನೇ ನೋಡುತ್ತಿತ್ತು. ಮನಸ್ಸು ಒಪ್ಪಲಿಲ್ಲ. ಐಸ್‌ಕ್ಯಾಂಡಿ ಅಂಗಡಿಯವನಿಂದ ಒಂದು ತುಂಡು ತಂದು, ಟವೆಲಿನಲ್ಲಿ ಸುತ್ತಿ, ಒರಳುಕಲ್ಲಿನ ಗುಂಡಿನಿಂದ ಒಡೆದೆ. ಅರ್ಧ ನೆಲಕ್ಕೆ ಹೋಯಿತು, ಅರ್ಧ ಗ್ಲಾಸಿಗೆ ಬಂತು, ಬಂದದ್ದರಲ್ಲಿ ಟವೆಲಿನ ನೂಲಿತ್ತು. ಅಳತೆಗೆಂದು ಎಮ್ಮೆಗಳಿಗೆ ಔಷಧ ಅಳೆಯುವ ಗಾಜಿನ ಕೊಳವೆಯನ್ನು ಕುದಿಸಿ ತೊಳೆದುಕೊಂಡೆ. ಕಿತ್ತಳೆ ಹೆಚ್ಚುವುದು ಸುಲಭವೆಂದುಕೊಂಡಿದ್ದೆ. ನನ್ನ ಮನೆಯ ಚಾಕು ಈರುಳ್ಳಿ ಒಂದನ್ನೇ ಕಂಡದ್ದು, ಬಿಲ್ಲೆಗೆ ಈರುಳ್ಳಿಯ ಘಮ ಹತ್ತಿತು. ಮಾರ್ಕೊ ಕಂಡಿದ್ದರೆ ಅವನ ಕಣ್ಣಲ್ಲಿ ಎರಡನೆಯ ಸಲ ನೀರು ಬರುತ್ತಿತ್ತು.

ಇನ್ನು ಬುರುಗು ವೈನಿನ ಬೂಚು. ಅದನ್ನು ಹೇಗೆ ತೆಗೆಯುತ್ತಾರೆಂದು ನಾನು ದಿನಾ ನೋಡಿದ್ದೆ. ನೋಡಿದ್ದೇ ಬೇರೆ, ಮಾಡುವುದೇ ಬೇರೆ. ಹಿತ್ತಿಲ ಕಟ್ಟೆಯ ಮೇಲೆ ಕೂತು, ತಂತಿ ಬಿಚ್ಚಿ, ಹೆಬ್ಬೆರಳಿನಿಂದ ಮೆಲ್ಲಗೆ ನೂಕಿದೆ. ಢಮ್ ಎಂದು ಸದ್ದಾಗಿ ಬೂಚು ಗೋಡೆ ದಾಟಿ ಪಕ್ಕದ ಮನೆಗೆ ಹಾರಿತು. ಅಲ್ಲಿ ಶೇವಂತವ್ವ ಎಮ್ಮೆ ಹಿಂಡುತ್ತಿದ್ದಳು. ಮೊದಲು ಎಮ್ಮೆ ಒದರಿತು, ಆಮೇಲೆ ಚರಗಿ ಉರುಳಿದ ಸದ್ದು ಬಂತು, ನಾನು ಗ್ಲಾಸು ಬೆರೆಸಿ ಮುಗಿಸುವಷ್ಟರಲ್ಲಿ ಶೇವಂತವ್ವನೇ ಬಂದಳು. ವಯಸ್ಸಾದ ಹೆಂಗಸು, ಗಂಡ ತೀರಿಹೋಗಿ ಒಬ್ಬಳೇ ಇದ್ದಳು. ನಾನು ಆ ಮನೆಗೆ ಬಂದಾಗಿನಿಂದ ನಮ್ಮ ನಡುವೆ ಎಮ್ಮೆಯ ವಿಷಯ ಬಿಟ್ಟು ಬೇರೆ ಮಾತೇ ಆಗಿರಲಿಲ್ಲ. ಕೈಯಲ್ಲಿ ಬೂಚು ಹಿಡಿದು, "ಸಾಹೇಬ್ರ, ಇದ ನಿಮ್ದೇನ್ರಿ?" ಎಂದಳು.

ನಾನು ಕೆಂಪು ಗ್ಲಾಸು ಹಿಡಿದುಕೊಂಡು ಎದ್ದು ನಿಂತೆ. ಅಡಗಿಸಲು ಜಾಗವಿರಲಿಲ್ಲ.

"ಏನ ಕುಡ್ಯಾಕತ್ತೀರಿ?"

"ಊಟಕ್ಕ ಮೊದ್ಲ ತಗೊಳ್ಳೂದವ್ವಾ ಇದು. ಹಸಿವು ಆಗ್ಲಿ ಅಂತ."

"ಯಾಕ್ರಿ, ಹಸಿವು ಆಗವಲ್ದೇನ್ರಿ?"

"ಅಷ್ಟ ಆಗೂದಿಲ್ಲ."

"ಕಹಿ ಐತೇನ್ರಿ?"

"ಕಹಿ ಐತಿ."

ಅವಳು ನನ್ನ ಮುಖವನ್ನು ಒಮ್ಮೆ, ಗ್ಲಾಸನ್ನು ಒಮ್ಮೆ ನೋಡಿ, "ಅಯ್ಯ ಶಿವನ, ಕುಡೀರಿ ಕುಡೀರಿ, ಬಿಡಬ್ಯಾಡ್ರಿ" ಎಂದು ಬೂಚನ್ನು ಕಟ್ಟೆಯ ಮೇಲಿಟ್ಟು ಹೋದಳು. ಗಮನಿಸಿ, ನಾನು ಒಂದು ಅಕ್ಷರವೂ ಸುಳ್ಳು ಹೇಳಿರಲಿಲ್ಲ. ಮಾರ್ಕೊ ಹೇಳಿಕೊಟ್ಟದ್ದನ್ನೇ ಒಪ್ಪಿಸಿದ್ದೆ.

ಮರುದಿನ ಸಂಜೆ ದವಾಖಾನೆಯಿಂದ ಬರುತ್ತೇನೆ, ನನ್ನ ಕಟ್ಟೆಯ ಮೇಲೆ ಜನ. ಎದ್ದು ದಾರಿ ಬಿಡಲಿಲ್ಲ, ನನ್ನ ಕೈಹಿಡಿದು ಕೂಡಿಸಿದರು. "ಏನಾತ್ರಿ ಸಾಹೇಬ್ರ?" "ಎಷ್ಟ ದಿನ ಆತ್ರಿ ಹಸಿವು ಹೋಗಿ?" "ಹಂಗ ಇಳದೀರಿ ನೋಡ್ರಿ, ಕುತ್ತಿಗಿ ನೋಡಿದ್ರ ಗೊತ್ತಾಗ್ತೈತಿ." ನನ್ನ ಕುತ್ತಿಗೆಯನ್ನು ಅಷ್ಟು ದಿನ ಯಾರಾದರೂ ನೋಡಿದ್ದರು ಎಂಬುದೇ ನನಗೆ ಹೊಸ ಸಂಗತಿ. ವಿಷಯ ಇಷ್ಟೆ. ಸಾಹೇಬರಿಗೆ ಜಡ್ಡು, ಊಟಕ್ಕೆ ಮುಂಚೆ ಕೆಂಪಗಿನ ಕಹಿ ಕಾಢಾ, ಅಂದರೆ ಕಷಾಯ, ಕುಡಿಯುತ್ತಾರೆ ಎಂದು ಓಣಿಗೆಲ್ಲ ಗೊತ್ತಾಗಿತ್ತು. ಯಾರೂ ಅನುಮಾನಪಡಲಿಲ್ಲ. ಮೇವು ಬಿಟ್ಟ ಎತ್ತುಗಳಿಗೆಲ್ಲ "ಮೇವಿಗೆ ಮುಂಚೆ ಹಾಕ್ರಿ" ಎಂದು ಕಹಿ ಪುಡಿ ಕೊಟ್ಟು ಕಳಿಸಿದವನು ನಾನೇ. "ದನಕ್ಕ ಕೊಡೂದನ್ನ ತಾವೂ ತಗೋತಾರ, ಅದಕ್ಕ ಅನ್ನೂದು ದೇವರಂಥಾ ಮನಷ್ಯಾ" ಎಂದು ಒಬ್ಬ ಮುದುಕ ಕೈ ಮುಗಿದ.

ನಮ್ಮ ಕಡೆ ಯಾರ ಮನೆಗಾದರೂ ಸುಮ್ಮನೆ ಹೋಗಲು ನೂರು ವಿಚಾರ ಮಾಡುತ್ತಾರೆ. ಜಡ್ಡು ಬಿದ್ದವರನ್ನು ಮಾತಾಡಿಸಲು ಹೋಗದಿದ್ದರೆ ಮಾತ್ರ ಅದು ಜನ್ಮದ ಮಾತಾಗುತ್ತದೆ. ಬರಿಗೈಯಲ್ಲೂ ಹೋಗುವಂತಿಲ್ಲ. ಹೀಗಾಗಿ ಬಂದವರೆಲ್ಲ ಕಿತ್ತಳೆ ತಂದರು. ನನ್ನ ಸ್ಪ್ರಿಟ್ಸಿಗೆ ಬೇಕಾದ ಬಿಲ್ಲೆಗಳು ರೋಗದಿಂದಲೇ ಉತ್ಪನ್ನವಾಗತೊಡಗಿದವು. ಅವರೆದುರಿಗೇ ನಾನು ಗ್ಲಾಸು ಹೊಂದಿಸಿಕೊಳ್ಳುತ್ತಿದ್ದೆ. ಬುರುಗು ವೈನು ಎರಡನೆಯ ದಿನಕ್ಕೇ ಸಪ್ಪಗಾಗಿತ್ತು, ಅದರ ಜಾಗಕ್ಕೆ ಗೋಲಿ ಸೋಡಾ ಬಂತು, ಬಣ್ಣ ಹೇಗೂ ಕೆಂಪೇ. ಮಾರುತಿ ಬಂದು "ರಾಮಕೃಷ್ಣ ಹರಿ" ಎಂದು, ಪಂಢರಪುರದ ಬುಕ್ಕಿಟ್ಟಿನ ಕಪ್ಪು ಪುಡಿಯನ್ನು ನನ್ನ ಹಣೆಗೆ ಹಚ್ಚಿ, ರೋಗಿಯ ಸರಿಸಮ ಕೂಡುವುದಕ್ಕೆ ಅಡ್ಡಿಯಿಲ್ಲವೆಂದು ಎದುರಿನ ಕುರ್ಚಿಯಲ್ಲೇ ಕೂತ. ಹೆಡ್ಮಾಸ್ತರ್ ಪಾಟೀಲರೂ ಬಂದರು. ಗ್ಲಾಸಿನ ವಾಸನೆ ಹಿಡಿದು, ನನ್ನನ್ನು ನೋಡಿ, "ಇಂಥಾ ಜಡ್ಡು ನಮಗೂ ಬರಬಾರದೇನ್ರಿ?" ಎಂದು ಕಿವಿಯಲ್ಲಿ ಕೇಳಿದರು. ಆದರೆ ಬಾಯಿ ಬಿಡಲಿಲ್ಲ. ದಿನಾ ಬಂದು ಕೂತು ವಾಸನೆ ಕುಡಿದು ಹೋಗುತ್ತಿದ್ದರು.

ಆ ದಿನಗಳ ಸಂಜೆಗಳನ್ನು ನಾನು ಹೇಗೆ ಹೇಳಲಿ! ಯಾರ ಸೊಸೆ ಯಾರ ಮೇಲೆ ಮುನಿದಳು, ಏಕಸಂಬಿಯಲ್ಲಿ ಯಾರ ಎತ್ತು ಏನು ಬೆಲೆಗೆ ಹೋಯಿತು, ನಿಪ್ಪಾಣಿಯ ತಂಬಾಕು ಯಾಕೆ ಖಾರ, ಎಲ್ಲವೂ ನನ್ನ ಕಟ್ಟೆಯ ಮೇಲೆ ತೀರ್ಮಾನವಾಗುತ್ತಿದ್ದವು. ನಾನು ಬಂದರೆ ಹರಟೆ ನಿಲ್ಲುತ್ತಿರಲಿಲ್ಲ, ನಾನು ಬಂದ ಮೇಲೇ ಶುರುವಾಗುತ್ತಿತ್ತು. ಹೊತ್ತು ಮುಳುಗಿದ ಮೇಲೆ ಶೇವಂತವ್ವ ಭಕ್ಕರಿ, ಝುಣಕ, ಹಸಿ ಉಳ್ಳಾಗಡ್ಡಿ ಕಟ್ಟಿಕೊಂಡು ಬಂದು, "ಕಾಢಾ ಆತಿಲ್ರಿ? ಈಗ ಉಣ್ರಿ" ಎಂದು ಎದುರಿಗೆ ನಿಂತು ಉಣ್ಣಿಸುತ್ತಿದ್ದಳು. ಎರಡು ಭಕ್ಕರಿ ಉಣ್ಣುತ್ತಿದ್ದವನು ಮೂರು ಉಂಡೆ. "ಗುಣಾ ಕಾಣಾಕತೈತಿ" ಎಂದು ಎಲ್ಲರಿಗೂ ಸಮಾಧಾನ. ನನಗೆ ಮಾತ್ರ ಚಿಂತೆ. ಗುಣವಾದರೆ ಬರುವವರ್ಯಾರು? ಆಮೇಲಾಮೇಲೆ ಹಸಿದ ಹೊಟ್ಟೆಯಲ್ಲೇ ಕೈ ತೊಳೆಯತೊಡಗಿದೆ.

ಬಾಟಲಿ ಮಾತ್ರ ಜನರನ್ನು ನೋಡುವುದಿಲ್ಲ, ಮುಗಿಯುತ್ತದೆ. ದಿನಕ್ಕೊಂದು ಗುಟುಕು ಕಡಿಮೆ ಹಾಕಿದೆ. ಸೋಡಾ ಹೆಚ್ಚಿಸಿದೆ. ಎರಡನೆಯ ಬಾಟಲಿಯೂ ತಳ ಕಂಡ ದಿನ ನೆಲಬೇವು ಕುದಿಸಿ, ಅದರಲ್ಲಿ ಬೀಟ್‌ರೂಟ್ ತುರಿದು ಹಾಕಿ, ಸೋಸಿ, ಸೋಡಾ ಬೆರೆಸಿದೆ. ಬಣ್ಣ ಒಂದಿಷ್ಟು ಕೂಡಿತು. ಒಂದು ಗುಟುಕಿಗೆ ಕಣ್ಣು ಕತ್ತಲಿಟ್ಟು, ನಿಜವಾಗಿಯೂ ಹಸಿವೆ ಹೋಯಿತು. ಆ ಸಂಜೆ ಎಲ್ಲರೂ ಹೋದ ಮೇಲೆ ಶೇವಂತವ್ವ ತಾಟು ತೆಗೆಯುತ್ತಾ, "ತೀರೇತೇನ್ರಿ?" ಎಂದಳು.

"ಏನು ತೀರೇತಿ?"

"ಅದರೀ. ಇವತ್ತಿಂದು ವಾಸನಿ ಬ್ಯಾರೆ ಐತಿ. ಇವತ್ತ ಖರೇನ ಕಾಢಾ ಕುಡದೀರಿ."

ಅವಳು ತಾಟು ಕೆಳಗಿಟ್ಟು ಹೊಸ್ತಿಲ ಹತ್ತಿರ ಕೂತಳು.

"ದಾರೂ ವಾಸನಿ ನನಗ ತಿಳ್ಯೂದಿಲ್ಲಂತ ತಿಳಕೊಂಡೀರೇನ್ರಿ? ನಮ್ಮ ಮನಿಯವರು ಇದ್ದಾಗ ಹರೇದಾಗಿಂದ ಅದನ್ನ ಮೂಸಿ ಮೂಸಿ ಮುದಿಕಿ ಆಗೇನಿ. ಬೂಚ ತಂದೆನಲ್ರಿ, ಅವತ್ತ ಗೊತ್ತಾತು."

"ಮತ್ತ ಜಡ್ಡು ಅಂತ ಓಣಿಗೆಲ್ಲಾ ಯಾಕ ಹೇಳಿದಿ ಅವ್ವಾ?"

"ಕುಡ್ಯಾಕತ್ತಾರ ಅಂದಿದ್ರ ಒಬ್ರೂ ಬರ್ತಿದ್ದಿಲ್ಲ. ಜಡ್ಡು ಅಂದೆ, ಎಲ್ಲಾರೂ ಬಂದ್ರು." ಸೆರಗಿನಿಂದ ಮುಖ ಒರೆಸಿಕೊಂಡಳು. "ದಿನಾ ಸಂಜಿಕ ನಿಮ್ಮ ಮನ್ಯಾಗ ಒಂದ ತಾಟಿನ ಸಪ್ಪಳ ಕೇಳತಿತ್ತು. ನಮ್ಮ ಮನ್ಯಾಗೂ ಒಂದ. ಗಂಡಸು ಒಬ್ಬರ ಇರೂ ಮನಿಗೆ ನಾ ಸುಮ್ಮ ಹ್ಯಾಂಗ ಬರೂದ್ರಿ? ಏನರ ನೆವಾ ಬೇಕಲ್ಲ."

ಅಷ್ಟು ದಿನ ನಾನು ಒಬ್ಬನೇ ನಾಟಕ ಮಾಡುತ್ತಿದ್ದೇನೆಂದು ತಿಳಿದಿದ್ದೆ. ಅಲ್ಲಿಗೇ ಸುಮ್ಮನಿದ್ದು, "ಹಂಗಾದ್ರ ನಾಳೆ ಬಾ ಅವ್ವಾ" ಎಂದಿದ್ದರೆ ನಾನು ಜಾಣ. ಆದರೆ ಓದಿದವನು ನೋಡಿ, ಮನಸ್ಸು ತುಂಬಿ ಬಂದಾಗ ತತ್ತ್ವವೂ ಜೊತೆಗೆ ತುಂಬಿ ಬರುತ್ತದೆ. "ಇಲ್ಲವ್ವಾ, ಮಂದಿಗೆ ಇನ್ನ ಮೋಸ ಮಾಡೂದು ಬ್ಯಾಡ. ನನಗ ಆರಾಮಾತು ಅಂತ ಎಲ್ಲಾರಿಗೂ ಹೇಳಿಬಿಡು" ಎಂದೆ. "ವಿಚಾರ ಮಾಡಿ ಹೇಳ್ರಿ" ಎಂದಳು. ವಿಚಾರ ಮಾಡಿಯೇ ಹೇಳಿದ್ದೇನೆ ಎಂದೆ. ಅವಳು ತಾಟು ಎತ್ತಿಕೊಂಡು ಹೋದಳು.

ಶೇವಂತವ್ವ ಹೇಳಿದ ಮಾತು ತಪ್ಪುವವಳಲ್ಲ. ಮರುದಿನ ಬೆಳಿಗ್ಗೆ ದಾರಿಯಲ್ಲಿ ಸಿಕ್ಕವರೆಲ್ಲ "ಆರಾಮಾತಂತಲ್ರಿ, ಭಾಳ ಚಲೋ ಆತು" ಎಂದು ಸಂತೋಷಪಟ್ಟರು. ಸಂಜೆ ಬಂದಾಗ ಹರಟೆ ಎದುರು ಮನೆಯ ಕಟ್ಟೆಗೆ ಸ್ಥಳಾಂತರವಾಗಿತ್ತು. ನನ್ನನ್ನು ಕಂಡು ಹರಟೆ ನಿಂತಿತು, ಎಲ್ಲರೂ ಎದ್ದರು, "ಬರ್ರಿ ಸಾಹೇಬ್ರ" ಎಂದು ದಾರಿ ಬಿಟ್ಟರು. ನಾನು ದಾಟಿಹೋದೆ. ಅಡಿಗೆ ಮಾಡಿದೆ, ಉಂಡೆ, ಬೇಗ ಮುಗಿಯಿತು. ಗೋಡೆಯಾಚೆ ಶೇವಂತವ್ವನ ತಾಟಿನ ಸಪ್ಪಳ ಕೇಳಿಸಿತು. ಕಂಬಳಿ ಹೊದ್ದು ಹಿತ್ತಿಲ ಕಟ್ಟೆಯ ಮೇಲೆ ಕೂತೆ. ಸ್ವಲ್ಪ ಹೊತ್ತು ಕೂತು, ಆಚೆ ಮನೆಗೆ ಕೇಳುವಷ್ಟು ಗಟ್ಟಿಯಾಗಿ ಒಮ್ಮೆ ಕೆಮ್ಮಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಕೆಮ್ಮಿದೆ, ಈ ಸಲ ಎದೆಯಿಂದ.

ಗೋಡೆಯಾಚೆಯಿಂದ ದನಿ ಬಂತು. "ಕೆಮ್ಮಿಗೆ ಯಾರೂ ಬರಂಗಿಲ್ರಿ ಸಾಹೇಬ್ರ! ಕಬ್ಬಿನ ಹಂಗಾಮಿನ್ಯಾಗ ಅದು ಊರಿಗೆಲ್ಲಾ ಐತಿ. ಬ್ಯಾರೆ ಏನರ ದೊಡ್ಡದ ನೋಡ್ರಿ, ನಾ ಹೇಳತೀನಿ!"

ಕಟ್ಟೆಯ ಮೇಲೆ ಕೂತು ಯೋಚಿಸಿದೆ. ಕಾಲೇಜಿನಲ್ಲಿ ಅಷ್ಟು ವರ್ಷ ರೋಗಗಳನ್ನು ಬಿಟ್ಟು ಬೇರೇನೂ ಓದಿದವನಲ್ಲ ನಾನು. ಬೇಕಾದ ಹೊತ್ತಿಗೆ ನೆನಪಾದದ್ದು ದನಗಳ ಕಾಲುಬಾಯಿ ಬೇನೆ ಒಂದೇ.